ಸದ್ದಿದೆ, ಚಿತ್ರವಿಲ್ಲ

೧೯೮೨ರಲ್ಲಿ ನಾನು ಓದು ನಿಲ್ಲಿಸಿದೆ. ಹಲಸೂರಿನ ಶಾಲೆಯಲ್ಲಿ ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಬರೆದು ಬಂದವನು ದಸರಾ ರಜೆ ಮುಗಿದ ಮೇಲೆ ಹೋಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಕಾರಣ ಹೇಳಿದ್ದೇನೆ. ಒಬ್ಬರಿಗೆ ಮನೆಯ ಕಷ್ಟ ಎಂದೆ, ಇನ್ನೊಬ್ಬರಿಗೆ ಇಂಗ್ಲಿಷ್ ಮೇಷ್ಟ್ರ ಬೆತ್ತ ಎಂದೆ. ನಮ್ಮ ಮನೆಯಲ್ಲಿ ಅಂಥ ಕಷ್ಟವೇನೂ ಇರಲಿಲ್ಲ, ಆ ಮೇಷ್ಟ್ರೂ ಒಳ್ಳೆಯವರೇ. ನಿಜವಾದ ಕಾರಣ ನನಗೇ ತಿಳಿಯದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವ ಹಲವು ಸಂಗತಿಗಳಿಗೂ ನನ್ನ ಹತ್ತಿರ ಇಷ್ಟೇ ಉತ್ತರ ಇರುವುದು.

ನನ್ನ ಹೆಸರು ಮುನಿರಾಜು. ಇಂದಿರಾನಗರದ ಒಂದು ಗೇಮ್ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ಬಿಲ್ಡ್ ಕೆಲಸ ಮಾಡಿ ಹೋದ ವರ್ಷ ನಿವೃತ್ತನಾದೆ. ಈ ಕೆಲಸಕ್ಕೆ ಈಗ ಬರುವವರೆಲ್ಲ ಇಂಜಿನಿಯರಿಂಗ್ ಮುಗಿಸಿರುತ್ತಾರೆ. ಅವರಿಗೆ ನಾನು ಕಲಿಸುವುದೇನೂ ಇಲ್ಲ. ಆದರೆ ಪುಸ್ತಕದಲ್ಲಿ ಈ ಕೆಲಸ ಬಹಳ ನೇರವಾಗಿ ಕಾಣುತ್ತದೆ, ಕೈಗೆ ಬಂದಾಗ ಹಾಗಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಏನೆಂದು ತಿಳಿಯದವರಿಗಾಗಿ ಎರಡು ಮಾತು. ಗೇಮ್ ಬರೆಯುವವರು ಪರದೆಯ ಮೇಲೆ ಚಿತ್ರ ತೋರಿಸಬೇಕು, ಸದ್ದು ಹೊರಡಿಸಬೇಕು, ಆಡುವವನು ಯಾವ ಕೀಲಿ ಒತ್ತಿದ ಎಂದು ತಿಳಿಯಬೇಕು. ಇದನ್ನು ವಿಂಡೋಸ್ ಒಂದು ರೀತಿ ಮಾಡುತ್ತದೆ, ಲಿನಕ್ಸ್ ಇನ್ನೊಂದು ರೀತಿ, ಮ್ಯಾಕ್ ಮತ್ತೊಂದು ರೀತಿ. ಒಂದೊಂದಕ್ಕೂ ಬೇರೆ ಬೇರೆ ಬರೆಯುತ್ತ ಕೂತರೆ ಗೇಮ್ ಮುಗಿಯುವುದಿಲ್ಲ. ಅದಕ್ಕೆ ನಡುವೆ ಒಂದು ಲೈಬ್ರರಿ ಇರುತ್ತದೆ. ಗೇಮ್ ಲೈಬ್ರರಿಗೆ 'ಇಲ್ಲಿ ಚಿತ್ರ ಬಿಡಿಸು' ಎನ್ನುತ್ತದೆ. ಆಯಾ ಮಿಷಿನ್ನಿಗೆ ತಿಳಿಯುವ ಹಾಗೆ ಹೇಳಿ ಮಾಡಿಸುವುದು ಲೈಬ್ರರಿಯ ಪಾಡು. ಮನುಷ್ಯರು ಬರೆದದ್ದನ್ನು ಮಿಷಿನ್ ಓಡಿಸುವಂಥ ಫೈಲ್ ಮಾಡುವುದು ಬಿಲ್ಡ್. ಆ ಫೈಲುಗಳನ್ನು ಗೇಮಿನ ಜೊತೆ ಕೂಡಿಸುವುದು ಲಿಂಕ್. ಬರೆಯುವವರು ಬೇರೆ. ನಾನು ಕಟ್ಟುವವನು, ಕೂಡಿಸುವವನು. ಹತ್ತೊಂಬತ್ತು ವರ್ಷದಲ್ಲಿ ಒಂದು ಗೇಮಿನ ಒಂದು ಸಾಲನ್ನೂ ನಾನು ಬರೆದಿಲ್ಲ.

ಕೂಡಿಸುವುದನ್ನು ಕಲಿತದ್ದು ಶಿವಾಜಿನಗರದಲ್ಲಿ, ಖಾದರ್ ಸಾಹೇಬರ ಟಿ.ವಿ. ರಿಪೇರಿ ಅಂಗಡಿಯಲ್ಲಿ. ಮೊದಲು ರೇಡಿಯೋ, ಆಮೇಲೆ ಟಿ.ವಿ., ಆಮೇಲೆ ಬಾಡಿಗೆಗೆ ಕೊಡುವ ವಿಡಿಯೋ ಗೇಮ್ ಡಬ್ಬಿಗಳು, ಕೊನೆಗೆ ಕಂಪ್ಯೂಟರ್. ಸಾಹೇಬರು ಕಾಗದ ನೋಡಿ ಕೆಲಸ ಮಾಡಿದವರಲ್ಲ. ಅವರ ವಿದ್ಯೆಯೆಲ್ಲ ಲಕ್ಷಣ ನೋಡಿ ಹೇಳುವುದು. "ದೇಖೋ ಮುನಿ," ಎನ್ನುತ್ತಿದ್ದರು, "ಸೌಂಡ್ ಐತೆ, ಪಿಕ್ಚರ್ ಇಲ್ಲ. ಅಂದ್ರೆ ಸಪ್ಲೈ ಬರೋಬ್ಬರ್ ಐತೆ, ಅದರ ಮೇಲೆ ಕೈ ಇಡ್ಬೇಡ. ಸೀದಾ ಪಿಕ್ಚರ್ ಸೆಕ್ಷನ್‌ಗೆ ಹೋಗು." ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಮಾತು ನನಗೆ ಅನ್ನ ಹಾಕಿತು.

ಇಂದಿರಾನಗರಕ್ಕೆ ಹೋದದ್ದು ಕೆಟ್ಟ ಕಂಪ್ಯೂಟರ್ ಒಂದನ್ನು ರಿಪೇರಿ ಮಾಡಲು. ನೂರಡಿ ರಸ್ತೆಯ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಬಂಗಲೆಯ ಮಹಡಿ. ಕೆಳಗೆ ಕೇಕ್ ಅಂಗಡಿ. ಮಾಲೀಕರು ಪ್ರಸನ್ನ, ನನಗಿಂತ ಹತ್ತು ವರ್ಷ ಚಿಕ್ಕವರು. ಒಂದು ಕಂಪ್ಯೂಟರ್ ಹೋಗಿ ನಾಲ್ಕಾಯಿತು, ನಾಲ್ಕು ಹೋಗಿ ದಿನಾ ಬನ್ನಿ ಎಂದಾಯಿತು. ಆಗ ಅಲ್ಲಿ ಬಿಲ್ಡ್ ಮಾಡುತ್ತಿದ್ದವರು ಬೇರೆ ಕಂಪನಿಗೆ ಹೊರಟರು. ಅವರ ಜಾಗಕ್ಕೆ ಯಾರೂ ಒಪ್ಪಲಿಲ್ಲ. ಗೇಮ್ ಬರೆಯುವವರಿಗೆ ಬಿಲ್ಡ್ ಎಂದರೆ ಹಬ್ಬದ ಊಟ ಆದಮೇಲೆ ಪಾತ್ರೆ ತೊಳೆದ ಹಾಗೆ. ಹೋಗುವವರು ಎರಡು ಹಾಳೆ ತುಂಬ ಆಜ್ಞೆಗಳನ್ನು ಬರೆದು, ಇದನ್ನು ಹೀಗೇ ಟೈಪ್ ಮಾಡಿದರೆ ಆಯಿತು ಎಂದು ನನ್ನ ಕೈಗೆ ಕೊಟ್ಟರು. ಹೀಗೇ ಟೈಪ್ ಮಾಡಿದೆ. ಆಗಲಿಲ್ಲ.

ಪರದೆಯ ತುಂಬ ತಪ್ಪುಗಳು ಸುರಿದವು. ಮುನ್ನೂರು ಚಿಲ್ಲರೆ. ಪರದೆಯ ಮೇಲೆ ಕಣ್ಣಿಗೆ ಬೀಳುವುದು ಕೊನೆಯವು, ಹಾಗಾಗಿ ಕೊನೆಯಿಂದ ಶುರು ಮಾಡಿದೆ. ಇಂಗ್ಲಿಷ್ ಓದಲು ಬರುತ್ತಿತ್ತು, ಆ ಇಂಗ್ಲಿಷ್ ಮಾತ್ರ ಯಾವ ದೇಶದ್ದೋ. ಎರಡು ದಿನ ಒಂದೊಂದೇ ತಪ್ಪನ್ನು ಹಿಡಿದು ಜಗ್ಗಿದೆ. ಮೂರನೇ ದಿನ ಪ್ರಸನ್ನ ಕಾಫಿ ಲೋಟ ಹಿಡಿದುಕೊಂಡು ಹಿಂದೆ ನಿಂತು ನೋಡಿದರು. "ಮೇಲಿಂದ ಓದ್ರೀ ಮುನಿರಾಜು ಅವ್ರೆ. ಮೊದಲ್ನೇದೊಂದು ಸರಿ ಮಾಡಿ, ಮಿಕ್ಕಿದ್ದು ತಾನಾಗೇ ಹೋಗ್ಬಿಡುತ್ತೆ."

ಮೊದಲನೆಯದರಲ್ಲಿ ಒಂದು ಫೋಲ್ಡರಿನ ಹೆಸರು ತಪ್ಪಿತ್ತು, ಅಷ್ಟೇ. ಅದನ್ನು ತಿದ್ದಿದೆ. ಮುನ್ನೂರೂ ಮಾಯ. ಎಲ್ಲರೂ ಸಂತೋಷಪಡುವ ಹೊತ್ತು ಅದು. ನನಗೆ ಆದದ್ದು ಗೊಂದಲ. ಎರಡು ದಿನ ಕಣ್ಣಾರೆ ಕಂಡ ತಪ್ಪುಗಳು ಎಲ್ಲಿ ಹೋದವು? ಅವು ತಪ್ಪುಗಳೇ ಆಗಿರಲಿಲ್ಲವೇ? ಟಿ.ವಿ.ಯಲ್ಲಿ ಸುಟ್ಟ ಭಾಗ ಸುಟ್ಟದ್ದೇ, ಪಕ್ಕದ್ದನ್ನು ಸರಿಮಾಡಿದರೆ ಅದು ತಾನಾಗಿ ಸರಿಹೋಗುವುದಿಲ್ಲ. ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದೇ, ಮೇಲಿಂದ ಓದಿ. ಯಾಕೆ ಎಂದು ನನ್ನನ್ನು ಕೇಳಬೇಡಿ.

ಎರಡನೆಯ ಪಾಠ ಕಲಿಸಿದವಳು ಜಯಶ್ರೀ. ಅವಳ ಮನೆಯವರು ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ದೊಮ್ಮಲೂರಿನಲ್ಲಿ ಬಾಡಿಗೆಯ ಒಂದೇ ಕೋಣೆಯಲ್ಲಿ ಐದು ಜನ. ಅಲ್ಲಿಂದ ಇಂಜಿನಿಯರಿಂಗ್ ಮುಗಿಸಿ ನಮ್ಮಲ್ಲಿಗೆ ಬಂದಿದ್ದಳು. ಆರು ತಿಂಗಳ ಪ್ರೊಬೇಷನ್, ಅದು ಮುಗಿದರೆ ಕಾಯಂ. ನಮ್ಮ ಲೈಬ್ರರಿಯಲ್ಲಿ ಚಿತ್ರ ಬಿಡಿಸುವ ಭಾಗವನ್ನು ಬರೆಯುವುದು ಅವಳ ಕೆಲಸ. ಎಲ್ಲರೂ ನನ್ನನ್ನು ಅಂಕಲ್ ಎಂದರೆ ಇವಳೊಬ್ಬಳು ಅಣ್ಣಾರ ಎನ್ನುತ್ತಿದ್ದಳು.

ಅವಳು ಬಂದ ಹೊಸತರಲ್ಲಿ ಲಿನಕ್ಸ್ ಬಿಲ್ಡ್ ಕೆಟ್ಟು ಕೂತಿತ್ತು. ಚಿತ್ರ ಬಿಡಿಸುವ ತುಂಡು ಸಿಗುತ್ತಿಲ್ಲ ಎಂದು ಲಿಂಕ್ ಮಾಡುವ ಪ್ರೋಗ್ರಾಂ ಹೇಳುತ್ತದೆ. ಆ ತುಂಡು ನನ್ನ ಕಣ್ಣ ಮುಂದೆ, ಅದೇ ಫೋಲ್ಡರಿನಲ್ಲಿ ಇದೆ. ಹೆಸರೂ ಕೊಟ್ಟಿದ್ದೇನೆ. ಆದರೂ ಇಲ್ಲ ಎನ್ನುತ್ತದೆ. ಜಯಶ್ರೀ ಬಂದು, ಲಿಂಕ್ ಆಜ್ಞೆಯ ಸಾಲಿನಲ್ಲಿ ಮೊದಲಿಗೇ ಇದ್ದ ಆ ತುಂಡಿನ ಹೆಸರನ್ನು ಕೊನೆಗೆ ಹಾಕಿದಳು. ಆಯಿತು. ಕೊಡುವವನು ಮೊದಲು ಬಂದು ಕೂತಿದ್ದರೆ ತಾನೇ ಕೇಳುವವನಿಗೆ ಸಿಗುವುದು ಎಂದು ವಾದ ಮಾಡಿದೆ. ಅವಳು ನಕ್ಕಳು. "ಇದಕ್ಕ ನೆನಪು ಕಮ್ಮಿ ರೀ ಅಣ್ಣಾರ. ಕೇಳಾಂವ ಮೊದ್ಲ ಬರಬೇಕು, ಕೊಡಾಂವ ಆಮ್ಯಾಲ. ಯಾರೂ ಕೇಳದಕಿಂತ ಮೊದ್ಲ ಕೊಡಾಂವ ಬಂದ್ರ, ಇಂವ ಯಾರಿಗೂ ಬ್ಯಾಡ ಅಂತ ಬಿಟ್ಟು ಮುಂದ ಹೊಂಟು ಹೋಗ್ತದ."

ಸರಿ, ತಲೆಗೆ ಹಾಕಿಕೊಂಡೆ. ಮುಂದಿನ ವಾರ ಎರಡು ತುಂಡುಗಳು ಒಂದನ್ನೊಂದು ಕೇಳುವ ಸಂದರ್ಭ ಬಂತು. ಈಗ ಯಾವುದು ಮೊದಲು? ಒಂದರ ಹೆಸರನ್ನು ಎರಡು ಸಲ ಬರೀರಿ, ಮುಂದೊಮ್ಮೆ ಹಿಂದೊಮ್ಮೆ ಎಂದಳು. ಬರೆದೆ, ಅದೂ ಆಯಿತು. ಆ ಸಂಜೆ ಹಲಸೂರು ಕೆರೆಯ ಏರಿಯ ಮೇಲೆ ನಡೆದು ಮನೆಗೆ ಹೋಗುವಾಗ, ಇದು ಓದಿದವರೆಲ್ಲ ಸೇರಿ ನನಗೆ ಮಾಡುತ್ತಿರುವ ತಮಾಷೆ ಇರಬಹುದೇ ಎಂದು ಅನುಮಾನ ಬಂದದ್ದುಂಟು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ.

ಆಫೀಸಿಗೆ ಬಂದ ಪ್ರತಿ ಕಂಪ್ಯೂಟರನ್ನೂ ಜೋಡಿಸಿದವನು ನಾನು. ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಹೊಸ ಮಿಷಿನ್ನಿಗೆ ಕುಂಕುಮ ಇಡುವುದು, ಆಮೇಲೆ ನನ್ನದೊಂದು ಸಿ.ಡಿ. ಹಾಕುವುದು. ಬೇಕಾದ ಬಿಡಿ ಫೈಲುಗಳು, ಸಣ್ಣ ಪುಟ್ಟ ಪ್ರೋಗ್ರಾಂಗಳು, ಎಲ್ಲ ಅದರಲ್ಲಿ. ಅವು ಹೋಗಿ ಮಿಷಿನ್ನಿನ ಹೊಟ್ಟೆಯೊಳಗಿನ ಫೋಲ್ಡರುಗಳಲ್ಲಿ ಕೂರುತ್ತಿದ್ದವು. ನಾನು ಮುಟ್ಟಿ ಕೊಟ್ಟ ಮಿಷಿನ್ ತೊಂದರೆ ಕೊಡುವುದಿಲ್ಲ ಎಂದು ಹೆಸರಾಗಿತ್ತು. ನಾನೂ ಆ ಹೆಸರನ್ನು ಅಲ್ಲಲ್ಲಿ ಹೇಳಿಕೊಳ್ಳುತ್ತಿದ್ದೆ. ಗಿರಾಕಿಗಳ ಹತ್ತಿರಕ್ಕೂ ನಾನೇ ಹೋಗಿ, ಅದೇ ಸಿ.ಡಿ. ಹಾಕಿ, ಗೇಮ್ ಕೂರಿಸಿ ಬರುತ್ತಿದ್ದೆ.

ಆ ಸಲ ಕೆ.ಆರ್. ಪುರದ ಒಂದು ಮಕ್ಕಳ ಕಲಿಕಾ ಕೇಂದ್ರಕ್ಕೆ ಲೆಕ್ಕ ಕಲಿಸುವ ಗೇಮ್ ಮಾಡಿದ್ದೆವು. ಹೊರಗಿನ ಸಿ.ಡಿ. ಹಾಕಬಾರದು ಎಂದು ಅಲ್ಲಿನ ಮೇಡಂ ಮೊದಲೇ ಹೇಳಿದ್ದರಿಂದ, ಗೇಮನ್ನು ಒಂದು ಕಟ್ಟು ಮಾಡಿ ಇಂಟರ್‌ನೆಟ್ಟಿನಲ್ಲಿ ಕಳುಹಿಸಿದೆವು. ಹಾಗೆ ಕಳುಹಿಸಿದ್ದು ಅದೇ ಮೊದಲು. ಮರುದಿನ ಮೇಡಂ ಫೋನ್ ಮಾಡಿದರು. ಹಾಡು ಕೇಳಿಸುತ್ತದೆ, ಪರದೆ ಮಾತ್ರ ಕಪ್ಪು. ಹನ್ನೆರಡು ಮಿಷಿನ್ನಿನಲ್ಲೂ ಹಾಗೇ. ಕೇಂದ್ರ ಶುರುವಾಗಲು ಹತ್ತು ದಿನ ಇತ್ತು.

ಆಫೀಸಿನ ಎಲ್ಲ ಕಂಪ್ಯೂಟರುಗಳಲ್ಲೂ ಓಡಿಸಿ ನೋಡಿದೆವು. ಬಣ್ಣಬಣ್ಣದ ಚಿತ್ರ, ಕುಣಿಯುವ ಅಂಕಿಗಳು, ಎಲ್ಲ ಸರಿ. ಪ್ರಸನ್ನ ನನ್ನ ಕಡೆ ತಿರುಗಿ, ನಿಮಗೆ ಏನು ಅನ್ನಿಸುತ್ತೆ ಎಂದು ಕೇಳಿದರು. ಜಯಶ್ರೀ ಅಲ್ಲೇ ನಿಂತಿದ್ದಳು. ನಾನು ಯೋಚನೆಯನ್ನೇ ಮಾಡಲಿಲ್ಲ.

"ಸೌಂಡ್ ಬರ್ತಿದೆ ಅಂದ್ರೆ ನನ್ನ ಬಿಲ್ಡ್ ಸರಿ ಇದೆ ಸಾರ್. ಕಟ್ಟಿದ್ದು ಸರಿ ಇಲ್ದೆ ಇದ್ರೆ ಓಡ್ತಾನೇ ಇರ್ಲಿಲ್ಲ. ಚಿತ್ರದ ಸೆಕ್ಷನ್ ನೋಡ್ಬೇಕು."

ಚಿತ್ರದ ಸೆಕ್ಷನ್ ಎಂದರೆ ಜಯಶ್ರೀ. ಅದೇ ವಾರ ಅವಳು ಆ ಭಾಗವನ್ನು ತಿದ್ದಿಯೂ ಇದ್ದಳು. ನಾಲ್ಕು ದಿನ ಅವಳು ತಾನು ಬರೆದದ್ದನ್ನೇ ಮತ್ತೆ ಮತ್ತೆ ಓದಿದಳು. ಬಿಚ್ಚಿ ಬರೆದಳು, ಮತ್ತೆ ಬಿಚ್ಚಿದಳು. ಪ್ರತಿ ಸಲ ನಾನು ಕಟ್ಟಿ ಕಳುಹಿಸಿದೆ. ಪ್ರತಿ ಸಲ ಮೇಡಂ ಕಪ್ಪು ಎಂದರು. ಚಿತ್ರದ ಭಾಗ ಬರೆದ ಹುಡುಗಿಯ ತಪ್ಪು, ಸರಿಮಾಡಿಸುತ್ತಿದ್ದೇನೆ ಎಂದು ಪ್ರಸನ್ನ ಅವರಿಗೆ ಹೇಳುತ್ತಿದ್ದರು. ಮಧ್ಯೆ ನಾನೇ ಒಮ್ಮೆ ಕೆ.ಆರ್. ಪುರಕ್ಕೆ ಹೋಗಿ ನೋಡಿ ಬಂದೆ. ಕಪ್ಪೇ. ನಮ್ಮ ಆಫೀಸಿನದೊಂದು ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ಅಲ್ಲಿ ಓಡಿಸಿದೆ. ಚಿತ್ರ ಬಂತು. ಅದೇ ಕಟ್ಟು, ಪಕ್ಕದ ಮೇಜು, ಚಿತ್ರ ಇಲ್ಲ. ಕೈ ಕಟ್ಟಿಕೊಂಡು ಎರಡು ಪರದೆಗಳನ್ನೂ ನೋಡುತ್ತ ನಿಂತೆ. ಏನೂ ಹೊಳೆಯಲಿಲ್ಲ. ಐದನೇ ದಿನ ಪ್ರಸನ್ನ ಜಯಶ್ರೀಗೆ ಒಂದು ಪತ್ರ ಕೊಟ್ಟರು. ಚಿತ್ರದ ಭಾಗದ ಲೋಪದಿಂದ ಪ್ರೊಬೇಷನ್ ಇನ್ನೂ ಮೂರು ತಿಂಗಳು, ಆಮೇಲೂ ಹೀಗಾದರೆ ಕೆಲಸ ಇಲ್ಲ. ಅವಳು ಅದನ್ನು ಮಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡು ಮತ್ತೆ ಕೂತು ಬರೆಯತೊಡಗಿದಳು.

ಮರುದಿನ ಆಫೀಸಿಗೆ ಒಂದು ಹೊಸ ಮಿಷಿನ್ ಬಂತು. ಜೋಡಿಸಿದೆ. ಕುಂಕುಮದ ಡಬ್ಬಿ ಎಲ್ಲೋ ಇಟ್ಟಿದ್ದೆ, ಹುಡುಕುತ್ತಿದ್ದೆ. ಅಷ್ಟರಲ್ಲಿ ಜಯಶ್ರೀ, ಇದರಲ್ಲೊಂದು ಸಲ ಓಡಿಸಿ ನೋಡುತ್ತೇನೆ ಎಂದು ಗೇಮ್ ಹಾಕಿದಳು. ಹಾಡು ಬಂತು. ಪರದೆ ಕಪ್ಪು.

ನಮ್ಮ ಆಫೀಸಿನಲ್ಲಿ ಅದೇ ಮೊದಲ ಸಲ ಕಪ್ಪು. ಡಬ್ಬಿ ಸಿಕ್ಕಿತು, ಕುಂಕುಮ ಇಟ್ಟೆ. ಕೈ ತನ್ನ ಪಾಡಿಗೆ ತಾನು ಸಿ.ಡಿ. ಹಾಕಿತು. ಅವಳು ಮತ್ತೆ ಗೇಮ್ ಓಡಿಸಿದಳು. ಚಿತ್ರ ಬಂತು.

"ಅಣ್ಣಾರ," ಎಂದಳು ಮೆಲ್ಲಗೆ, "ಆ ಸಿ.ಡಿ. ಒಳಗ ಏನೇನದ?"

ಅದರಲ್ಲಿ ಏನಿತ್ತೆಂದು ಈಗ ಹೇಳಬಲ್ಲೆ. ಚಿತ್ರದ ಫೈಲುಗಳನ್ನು ಬಿಚ್ಚಿ ಓದುವುದಕ್ಕೆ ನಮ್ಮ ಲೈಬ್ರರಿ ಇನ್ನೊಂದು ಚಿಕ್ಕ ಫೈಲನ್ನು ಕೇಳುತ್ತದೆ. ಕಟ್ಟುವಾಗ ಕೇಳುವುದಿಲ್ಲ, ಗೇಮ್ ಓಡುವಾಗ ಕೇಳುತ್ತದೆ. ಸಿಕ್ಕಿದರೆ ಚಿತ್ರ. ಸಿಗದಿದ್ದರೆ ಗಲಾಟೆಯಿಲ್ಲ, ತಪ್ಪಿನ ಸಾಲಿಲ್ಲ, ಸುಮ್ಮನೆ ಕಪ್ಪು. ಆ ಫೈಲನ್ನು ನಾನು ಕಟ್ಟಿನಲ್ಲಿ ಹಾಕಿಯೇ ಇರಲಿಲ್ಲ. ನಾನು ಮುಟ್ಟಿದ ಮಿಷಿನ್ನುಗಳಲ್ಲೆಲ್ಲ ಅದು ಮೊದಲೇ ಕೂತಿತ್ತಲ್ಲ, ಅದಕ್ಕೇ ಇಲ್ಲದ್ದು ನಮಗ್ಯಾರಿಗೂ ಕಾಣಲಿಲ್ಲ. ತಪ್ಪು ಆದದ್ದು ನನ್ನ ಕೈಯ ಒಳ್ಳೆಯ ಅಭ್ಯಾಸದಿಂದ.

ಇಲ್ಲಿ ಒಂದು ಮಾತು ಮುಚ್ಚಿಡುವುದಿಲ್ಲ. ಆ ಫೈಲನ್ನು ಕಟ್ಟಿಗೆ ಸೇರಿಸಿ, ಏನೂ ಹೇಳದೆ ಕಳುಹಿಸಿಬಿಡೋಣ ಎಂದು ನನಗೆ ಅನ್ನಿಸಿತು. ಅವಳು ಮುಂದೆಯೇ ಕೂತಿದ್ದರೂ ಅನ್ನಿಸಿತು. ಅವಳು ಅದನ್ನು ನನ್ನ ಮುಖದಲ್ಲಿ ಓದಿದಳೋ ಏನೋ. "ಸರಿ ಇದ್ದದ್ದನ್ನ ಎರಡು ಸಲ ಒಡದು ಕಟ್ಟೀನ್ರಿ," ಎಂದಳು. "ನನ್ನ ಮ್ಯಾಲ ನನಗ ನಂಬಿಕಿ ಹೋಗಿತ್ತು. ಹೋಗಿ ಹೇಳ್ರಿ."

ಹೋಗಿ ಹೇಳಿದೆ. ಬೈಯುತ್ತಾರೆ ಎಂದು ತಯಾರಾಗಿ ಹೋಗಿದ್ದೆ. ಪ್ರಸನ್ನ ಪೂರ್ತಿ ಕೇಳಿ ನಕ್ಕುಬಿಟ್ಟರು.

"ಅಯ್ಯೋ ಬಿಡಿ ಮುನಿರಾಜು ಅವ್ರೆ. ನೀವೇನು ಓದಿದೋರಾ? ಇಷ್ಟು ಮಾಡ್ತಿರೋದೇ ದೊಡ್ಡದು. ಅವಳಿಗೆ ಗೊತ್ತಾಗ್ಬೇಕಿತ್ತು, ಇಂಜಿನಿಯರ್ ಅಲ್ವಾ."

ಆ ಮಾತಿಗೆ ನಾನು ಯಾವ ಮುಖ ಮಾಡಬೇಕಿತ್ತು ಎಂದು ಇವತ್ತಿಗೂ ಯೋಚಿಸುತ್ತೇನೆ. ಕ್ಷಮಿಸಿದ ಹಾಗೂ ಆಯಿತು, ಕಪಾಳಕ್ಕೆ ಕೊಟ್ಟ ಹಾಗೂ ಆಯಿತು. ನಾನು ಮಾಡಿದ ಒಳ್ಳೆಯ ಬಿಲ್ಡುಗಳೂ ಹೀಗೇ ಲೆಕ್ಕವೇ, ಓದದವನು ಮಾಡಿದ್ದು ಎಂದು? ಪತ್ರ ವಾಪಸ್ ತೆಗೆದುಕೊಳ್ಳಿ, ಕೊಡುವುದಾದರೆ ನನ್ನ ಹೆಸರಿಗೆ ಕೊಡಿ ಎಂದೆ. ಅವರು ಮತ್ತೆ ನಕ್ಕು, ನಿಮಗೆ ಪ್ರೊಬೇಷನ್ ಅಂತಾನೇ ಇಲ್ವಲ್ರೀ ಎಂದರು. ನನ್ನ ಹುದ್ದೆ ಕಾಗದದಲ್ಲಿ ಆಫೀಸ್ ಮೇಂಟೆನೆನ್ಸ್ ಎಂದು ಇದೆ ಎನ್ನುವುದು ಆಗ ಗೊತ್ತಾಯಿತು. ಪತ್ರದ ವಿಷಯ ನೋಡೋಣ ಎಂದರು. ನೋಡೋಣ ಎಂದರೆ ಏನೆಂದು ಎಲ್ಲರಿಗೂ ಗೊತ್ತು.

ಜಯಶ್ರೀಗೆ ಇದನ್ನು ಹೇಳಿದೆ. ಅವಳು ತನ್ನ ಪರದೆಯ ಕಡೆ ತಿರುಗಿಕೊಂಡಳು. ಅಣ್ಣಾರ ಎಂದು ಕರೆಯುವುದನ್ನು ಅಂದಿನಿಂದ ಬಿಟ್ಟಳು.

ಪ್ರತಿ ಸಲ ಲೈಬ್ರರಿ ಕಳುಹಿಸುವಾಗ ಅದರ ಜೊತೆ ಒಂದು ಬರಹದ ಫೈಲ್ ಹೋಗುತ್ತದೆ. ಈ ಸಲ ಏನು ಬದಲಾಯಿತು, ಯಾರು ಮಾಡಿದರು ಎಂದು ಒಂದೊಂದು ಸಾಲು. ಹಳೆಯ ಸಾಲುಗಳನ್ನು ಅಳಿಸುವುದಿಲ್ಲ, ಹೊಸದನ್ನು ಮೇಲೆ ಸೇರಿಸುತ್ತ ಹೋಗುತ್ತೇವೆ. ಬರೆಯುವವರ ಹೆಸರುಗಳೆಲ್ಲ ಅದರಲ್ಲಿ ಇರುತ್ತವೆ. ಕಟ್ಟುವವನ ಹೆಸರು ಇರುವ ರೂಢಿ ಇಲ್ಲ. ಅವತ್ತು ಸರಿಮಾಡಿದ ಕಟ್ಟನ್ನು ಕೆ.ಆರ್. ಪುರಕ್ಕೆ ಕಳುಹಿಸುವ ಮುಂಚೆ ಆ ಫೈಲ್ ತೆರೆದೆ. ಅರ್ಧ ಗಂಟೆ ಕೂತು, ಬಂದಷ್ಟು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ. ಕನ್ನಡದಲ್ಲಿ ಹೇಳಿದರೆ ಇಷ್ಟು: ಚಿತ್ರ ಓದುವ ಫೈಲ್ ಕಟ್ಟಿನಲ್ಲಿ ಇರಲಿಲ್ಲ, ತಪ್ಪು ಮುನಿರಾಜುವಿನದು, ಜಯಶ್ರೀ ಬರೆದ ಚಿತ್ರದ ಭಾಗದಲ್ಲಿ ತಪ್ಪಿಲ್ಲ.

ಅಂಥ ಫೈಲನ್ನು ಯಾರೂ ಓದುವುದಿಲ್ಲ ಎಂದುಕೊಂಡಿದ್ದೆ. ಕಲಿಕಾ ಕೇಂದ್ರದ ಮೇಡಂ ಓದಿದರು. ಚಿತ್ರ ಬಂತು ಎಂದು ಹೇಳಲು ಪ್ರಸನ್ನ ಅವರಿಗೆ ಫೋನ್ ಮಾಡಿದವರು, ಪಾಪ ಆ ಹುಡುಗಿಯನ್ನು ನಾನೂ ತಪ್ಪು ತಿಳಿದಿದ್ದೆ ಎಂದರಂತೆ. ಪ್ರಸನ್ನ ನನ್ನ ಮೇಜಿನ ಹತ್ತಿರ ಬಂದಾಗ ಮುಖ ಕೆಂಪಗಿತ್ತು.

"ಕಸ್ಟಮರ್ ಓದೋ ಫೈಲ್‌ನಲ್ಲಿ ಇದೆಲ್ಲಾ ಬರೀತಾರೇನ್ರೀ? ಕಂಪನಿ ಮರ್ಯಾದೆ ಏನಾಗ್ಬೇಕು? ತಲೆ ಇದ್ಯಾ ನಿಮ್ಗೆ?"

ಎಲ್ಲರ ಎದುರಿಗೇ ಬೈದರು. ಇಂಜಿನಿಯರುಗಳನ್ನು ಹೇಗೆ ಬೈಯುತ್ತಾರೋ ಹಾಗೆ. ನಾನು ತಲೆ ತಗ್ಗಿಸಿ ನಿಂತಿದ್ದೆ, ಒಳಗೊಳಗೆ ಏನೋ ಹಗುರವಾಗುತ್ತಿತ್ತು. ಬೈಗುಳ ತಿಂದವನಿಗೆ ಹಾಗಾಗಬಾರದು. ಯಾಕೆ ಆಯಿತೋ. ಅದನ್ನು ತೆಗೀರಿ ಎಂದರು. ಪತ್ರ ತೆಗೆದರೆ ತೆಗೆಯುತ್ತೇನೆ ಸಾರ್ ಎಂದೆ. ಅದು ನನ್ನ ಬಾಯಿಂದಲೇ ಬಂತು ಎಂದು ಈಗಲೂ ನಂಬಿಕೆ ಬರುವುದಿಲ್ಲ. ಅವರು ಜಯಶ್ರೀಯ ಕೈಯಿಂದ ಪತ್ರ ತರಿಸಿಕೊಂಡು ಅಲ್ಲೇ ಹರಿದರು. ಮುಂದಿನ ತಿಂಗಳು ಅವಳು ಕಾಯಂ ಆದಳು.

ಅವಳು ನನಗೆ ಕೃತಜ್ಞತೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕೆಲವು ವಾರವಾದ ಮೇಲೆ ಕೆಳಗಿನ ಅಂಗಡಿಯಿಂದ ಎಲ್ಲರಿಗೂ ಕೇಕ್ ತಂದಾಗ ನನಗೂ ಒಂದು ತುಂಡು ಕೊಟ್ಟಳು. ಅದು ರಾಜಿಯೋ, ಬರಿಯ ಕೇಕೋ ಗೊತ್ತಾಗಲಿಲ್ಲ. ಮತ್ತೆ ಮೂರು ವರ್ಷ ಪಕ್ಕಪಕ್ಕ ಕೆಲಸ ಮಾಡಿದೆವು, ಆಮೇಲೆ ಅವಳು ದೊಡ್ಡ ಕಂಪನಿಗೆ ಹೋದಳು.

ಆ ಘಟನೆಯ ನಂತರ ನಾನೊಂದು ನಿಯಮ ಮಾಡಿದೆ. ಆಫೀಸಿನಲ್ಲಿ ಒಂದು ಮಿಷಿನ್ನಿಗೆ ಯಾರೂ ಏನೂ ಹಾಕಕೂಡದು. ಅದನ್ನು ಹಸಿ ಮಿಷಿನ್ ಎಂದು ಕರೆಯುತ್ತಿದ್ದೆವು. ಅದರ ಮೇಲೆ ಓಡದ ಹೊರತು ಯಾವ ಕಟ್ಟೂ ಬಾಗಿಲು ದಾಟುವಂತಿಲ್ಲ. ನಿಮ್ಮ ಮಿಷಿನ್ನಿನಲ್ಲಿ ಓಡಿದರೆ ನಂಬಬೇಡಿ. ಅದಕ್ಕೆ ನಿಮ್ಮ ಕೈಯ ಅಭ್ಯಾಸ ಆಗಿರುತ್ತದೆ. ಹೊಸಬರಿಗೆ ನಾನು ಖಚಿತವಾಗಿ ಹೇಳಬಲ್ಲ ಮಾತು ಇದೊಂದೇ.

ಆಮೇಲೆ ಫೋನುಗಳು ಬಂದವು. ಒಂದೇ ಲೈಬ್ರರಿಯನ್ನು ನಾಲ್ಕು ಬಗೆಯ ಫೋನಿಗೆ ನಾಲ್ಕು ಸಲ ಕಟ್ಟಬೇಕಾಯಿತು. ಕೊನೆಯ ಆರು ವರ್ಷ ಅದೂ ಹೋಯಿತು. ಯಾರೋ ಬರೆದು ಕಳುಹಿಸಿದ ತಕ್ಷಣ ಎಲ್ಲೋ ಇರುವ ಮಿಷಿನ್ನುಗಳು ತಾವೇ ಕಟ್ಟಿ, ತಾವೇ ಕೂಡಿಸಿ, ಸರಿ ಇದ್ದರೆ ಹಸಿರು ಗುರುತು, ಇಲ್ಲದಿದ್ದರೆ ಕೆಂಪು ಗುರುತು ತೋರಿಸುತ್ತವೆ. ನನ್ನ ಕೆಲಸ ಗುರುತು ನೋಡುವುದು. ಒಮ್ಮೊಮ್ಮೆ ಕೆಂಪು ಬರುತ್ತಿತ್ತು. ಏನೂ ಮುಟ್ಟದೆ ಮತ್ತೊಮ್ಮೆ ಒತ್ತಿದರೆ ಹಸಿರು. ಯಾಕೆ ಎಂದರೆ ಓದಿದ ಹುಡುಗರೂ ಭುಜ ಕುಣಿಸುತ್ತಿದ್ದರು. ಆಗ ಮಾತ್ರ ನನಗೆ, ಎಲ್ಲರೂ ನನ್ನ ಜೊತೆಗೇ ಇದ್ದಾರೆ ಎನ್ನುವ ಸಮಾಧಾನ.

ಆ ಸಾಲನ್ನು ತೆಗೆಯುತ್ತೇನೆ ಎಂದು ಮಾತು ಕೊಟ್ಟಿದ್ದೆನಲ್ಲ, ತೆಗೆಯಲಿಲ್ಲ. ಮರೆತದ್ದಲ್ಲ. ಪ್ರತಿ ಬಿಲ್ಡಿನಲ್ಲೂ ಆ ಫೈಲ್ ತೆರೆದಾಗ ಕಣ್ಣಿಗೆ ಬೀಳುತ್ತಿತ್ತು, ನಾಳೆ ತೆಗೆಯೋಣ ಎಂದು ಮುಚ್ಚುತ್ತಿದ್ದೆ. ಪ್ರಸನ್ನ ಮತ್ತೆ ಕೇಳಲಿಲ್ಲ. ಮುಂದೆ ಕಂಪನಿ ಆ ಲೈಬ್ರರಿಯನ್ನು ಯಾರು ಬೇಕಾದರೂ ಬಳಸಿ ಎಂದು ಹೊರಗೆ ಬಿಟ್ಟಿತು. ಅದರ ಜೊತೆ ಆ ಫೈಲೂ ಹೋಯಿತು. ಯಾವ ಊರಿನ ಯಾರು ಅದನ್ನು ಇಳಿಸಿಕೊಂಡರೂ ನನ್ನ ತಪ್ಪು ಅವರ ಮನೆಗೆ ಹೋಗುತ್ತದೆ. ಇದರಿಂದ ನಾಚಿಕೆ ಆಗಬೇಕೋ, ಇನ್ನೇನಾದರೂ ಆಗಬೇಕೋ, ತೀರ್ಮಾನಕ್ಕೆ ಬಂದಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಹಲಸೂರಿನಲ್ಲಿ ಎರಡು ಕೋಣೆಯ ಮನೆ. ಓಡುವ ಕಂಪ್ಯೂಟರ್ ಎರಡು, ಓಡದಿರುವುದು ಒಂದು. ಕನ್ನಡಕ ಎರಡು. ನಾನು ಕಟ್ಟಿ ಹೊರಗೆ ಕಳುಹಿಸಿದ ಲೈಬ್ರರಿಯ ಆವೃತ್ತಿಗಳು ನಲವತ್ತೊಂದು. ಅದರಲ್ಲಿ ನನ್ನ ಹೆಸರಿರುವ ಸಾಲು ಒಂದು.